ಏಪ್ರಿಲ್-ಮೇ ಬಿಸಿಲಲ್ಲಿ ಕಲಬುರಗಿ ಸುತ್ತುವುದು ಹೇಗೆ: ನೆರಳಿನ ಲೆಕ್ಕದ ಸಮಗ್ರ ಮಾರ್ಗದರ್ಶಿ

ಕಲಬುರಗಿಗೆ ಬೇಸಿಗೆಯಲ್ಲಿ ಹೋಗಬೇಡಿ ಎನ್ನುವವರೇ ಜಾಸ್ತಿ. ಆದರೆ ಮಕ್ಕಳಿಗೆ ರಜೆ ಸಿಗುವುದು ಏಪ್ರಿಲ್-ಮೇನಲ್ಲಿ. ಮದುವೆ ಪತ್ರಿಕೆ ಮನೆಗೆ ಬರುವುದೂ ಆಗಲೇ. ಬೆಂಗಳೂರು, ಮೈಸೂರು ಕಡೆಯಿಂದ ಬಂದ ನೆಂಟರು ಮದುವೆ ಊಟ ಮುಗಿಸಿ, ಲಾಡ್ಜಿನ ಎಸಿ ಕೋಣೆಯಲ್ಲಿ ಮಲಗಿ, ರಾತ್ರಿ ರೈಲು ಹತ್ತುತ್ತಾರೆ. ಊರಿಗೆ ಹೋಗಿ "ಅಲ್ಲಿ ನೋಡೋಕೆ ಏನಿಲ್ಲ, ಬರೀ ಬಿಸಿಲು" ಅನ್ನುತ್ತಾರೆ. ಬಿಸಿಲು ನಿಜ. ನೋಡೋಕೆ ಏನಿಲ್ಲ ಅನ್ನುವುದು ಮಾತ್ರ ಒಪ್ಪುವ ಮಾತಲ್ಲ.

ಇದು ಮರುಭೂಮಿಯಲ್ಲ. ಮಳೆಗಾಲ ಬಂತೆಂದರೆ ಕಣ್ಣು ಹಾಯಿಸಿದಷ್ಟು ದೂರ ತೊಗರಿ ಹೊಲ. ಆದರೆ ಮಾರ್ಚ್ ಕೊನೆಯಿಂದ ಜೂನ್ ಮೊದಲ ಮಳೆವರೆಗೆ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು. ಎರೆ ಹೊಲ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮನೆ ನೆಲ, ಅಂಗಳ, ಹಳೆ ಮನೆಗಳ ಮಾಳಿಗೆ ಎಲ್ಲಾ ಕಡೆ ಶಹಾಬಾದ್ ಕಲ್ಲು. ಅದು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹತ್ತರವರೆಗೂ ಕಕ್ಕುತ್ತಿರುತ್ತದೆ.

ಇಂಥ ಕಡೆ ತಿರುಗಾಟದ ಯೋಜನೆ ಹಾಕುವಾಗ ಮೊದಲು ಕಿಲೋಮೀಟರ್ ಲೆಕ್ಕ ಬಿಡಿ, ನೆರಳಿನ ಲೆಕ್ಕ ಹಿಡಿಯಿರಿ. ಯಾವ ಜಾಗ ಬಯಲು, ಯಾವುದಕ್ಕೆ ಸೂರಿದೆ, ಎಲ್ಲಿ ಬರಿಗಾಲಲ್ಲಿ ನಡೆಯಬೇಕು ಎಂದು ಮೊದಲೇ ತಿಳಿದಿದ್ದರೆ ಮೇ ತಿಂಗಳಲ್ಲೂ ಊರು ನೋಡಬಹುದು.

ಹಂತ 1: ದಿನ ಗೊತ್ತು ಮಾಡಿಕೊಳ್ಳಿ

ನಿಮ್ಮ ಕೈಯಲ್ಲಿದ್ದರೆ ನವೆಂಬರ್‌ನಿಂದ ಫೆಬ್ರುವರಿ ನಡುವೆ ಬನ್ನಿ. ಅದಕ್ಕೆ ಈ ಮಾರ್ಗದರ್ಶಿಯೇ ಬೇಕಿಲ್ಲ. ಬೇಸಿಗೆಯಲ್ಲೇ ಬರಬೇಕು ಅಂದರೆ ಎರಡು ದೊಡ್ಡ ಜನಜಾತ್ರೆಗಳನ್ನು ಗಮನದಲ್ಲಿಡಿ. ಒಂದು, ಹೋಳಿ ಹುಣ್ಣಿಮೆ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆ ಮತ್ತು ರಥೋತ್ಸವ. ಇನ್ನೊಂದು, ಖ್ವಾಜಾ ಬಂದೇನವಾಜ್ ಉರುಸ್. ಉರುಸ್ ನಡೆಯುವುದು ಚಾಂದ್ರಮಾನದ ಜುಲ್‌ಕಾದ್ ತಿಂಗಳಲ್ಲಿ. ಹಾಗಾಗಿ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆ ದಿನಗಳಲ್ಲಿ ಲಾಡ್ಜ್ ಸಿಗುವುದು ಕಷ್ಟ. ಆದರೆ ಊರಿನ ನಿಜವಾದ ಕಳೆ ನೋಡಬೇಕಾದರೆ ಆಗಲೇ ಬರಬೇಕು.

ಇನ್ನೊಂದು ವಿಷಯ. ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ ಕೆಲಸ ಮಾಡುತ್ತವೆ. ಅರಣ್ಯ ಇಲಾಖೆಯ ಅನುಮತಿ ಗಿನುಮತಿ ಬೇಕಿದ್ದರೆ ಬೆಳಿಗ್ಗೆಯೇ ಹೋಗಿ. ಆ ವೇಳಾಪಟ್ಟಿಯನ್ನು ನಿಮ್ಮ ತಿರುಗಾಟಕ್ಕೂ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಹಂತ 2: ರೈಲು ಮತ್ತು ಕೋಣೆ

ರೈಲೇ ಸರಿ. ಮುಂಬೈ-ಚೆನ್ನೈ ಮುಖ್ಯ ಮಾರ್ಗದಲ್ಲೇ ಊರಿದೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್ ಹಳೆಯವು. 2024ರಿಂದ ವಂದೇ ಭಾರತ್ ಕೂಡ ಇದೆ. ರಾತ್ರಿ ಹೊರಟು ಬೆಳಕು ಹರಿಯುವಾಗ ಇಳಿಯುವ ಗಾಡಿ ಹಿಡಿದರೆ ಮೊದಲ ಮುಂಜಾನೆ ದಂಡವಾಗುವುದಿಲ್ಲ.

ಕೋಣೆ ಹಿಡಿಯುವಾಗ ಟಿವಿ ಎಷ್ಟು ಇಂಚು ಎಂದು ನೋಡಬೇಡಿ. ಎಷ್ಟನೇ ಮಹಡಿ ಎಂದು ಕೇಳಿ. ಮೇಲಿನ ಮಹಡಿ ಬೇಡವೇ ಬೇಡ. ದಿನವಿಡೀ ಕಾದ ಛಾವಣಿ ರಾತ್ರಿ ನಿಮ್ಮ ತಲೆಯ ಮೇಲೇ ಇರುತ್ತದೆ. ನಲ್ಲಿ ತಿರುಗಿಸಿದರೆ ಸಂಜೆ ಆರಕ್ಕೂ ಸುಡುವ ನೀರು ಬರುತ್ತದೆ. ಪಶ್ಚಿಮಕ್ಕೆ ಕಿಟಕಿ ಇರುವ ಕೋಣೆಯೂ ಬೇಡ. ಎಸಿಗೆ ದುಡ್ಡು ಜಾಸ್ತಿ ಅನ್ನಿಸಿದರೆ ಕೂಲರ್ ಇರುವ ಕೋಣೆ ಸಾಕು. ಇಲ್ಲಿನ ಗಾಳಿ ಒಣ, ಹಾಗಾಗಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೊರಗಿನವರು ಎಸಿ ಅಂದುಕೊಂಡು ಕಿಟಕಿ, ಬಾಗಿಲು ಎಲ್ಲಾ ಮುಚ್ಚಿಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಕೋಣೆ ತುಂಬ ತೇವ, ಮೈ ಎಲ್ಲಾ ಅಂಟು. ಕೂಲರ್ ಓಡುವಾಗ ಎದುರು ಬದಿಯ ಕಿಟಕಿ ಸ್ವಲ್ಪ ತೆರೆದಿರಬೇಕು.

ಹಂತ 3: ಚೀಲದಲ್ಲಿ ಏನಿರಬೇಕು

ತೆಳು ಹತ್ತಿಯ ತುಂಬು ತೋಳಿನ ಅಂಗಿ. ಒಂದು ದೊಡ್ಡ ಟವೆಲ್, ಒದ್ದೆ ಮಾಡಿ ತಲೆ, ಕಿವಿ, ಕುತ್ತಿಗೆ ಮುಚ್ಚುವಂತೆ ಸುತ್ತಿಕೊಳ್ಳಲು. ಕೊಡೆ. ನಾಲ್ಕೈದು ಪೊಟ್ಟಣ ಓಆರ್‌ಎಸ್. ಮತ್ತೆ ಯಾರೂ ಹೇಳದ ಒಂದು ವಸ್ತು: ದಪ್ಪ ಕಾಲುಚೀಲ. ದರ್ಗಾ, ಗುಡಿ, ಮಸೀದಿ, ಬುದ್ಧ ವಿಹಾರ ಎಲ್ಲಾ ಕಡೆ ಚಪ್ಪಲಿ ಬಿಡಬೇಕು. ಹನ್ನೊಂದು ಗಂಟೆ ಆದ ಮೇಲೆ ಅಂಗಳದ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಭಕ್ತಿ ಎಲ್ಲಾ ಓಟಕ್ಕೆ ತಿರುಗುತ್ತದೆ. ಮಕ್ಕಳ ಪಾದ ಬೊಬ್ಬೆ ಏಳುವುದು ಇಲ್ಲೇ.

ನೀರಿನ ವಿಷಯದಲ್ಲಿ ಒಂದು ಮೋಸ ಇದೆ. ಮಂಗಳೂರಿನಲ್ಲಿ ಬೆವರು ಧಾರಾಕಾರ ಇಳಿಯುತ್ತದೆ, ಬಾಯಾರಿಕೆ ನೆನಪಾಗುತ್ತದೆ. ಇಲ್ಲಿ ಬೆವರು ಹುಟ್ಟಿದ ಜಾಗದಲ್ಲೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಬೆನ್ನಲ್ಲಿ ಬಿಳಿ ಉಪ್ಪಿನ ಗೆರೆ ಮಾತ್ರ. ಬಾಯಾರಿಕೆಗೆ ಕಾಯಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಯುತ್ತಿರಿ. ಅರ್ಧ ದಿನ ಹೊರಗಿದ್ದರೆ ಒಬ್ಬರಿಗೆ ಮೂರು ಲೀಟರ್ ಇಟ್ಟುಕೊಳ್ಳಿ. ಓಆರ್‌ಎಸ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚದ ಅಳತೆ ಇದು.

ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ಬಡಿಯುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಇಟ್ಟುಕೊಳ್ಳಿ, ತೊಂದರೆಯಿಲ್ಲ. ಆದರೆ ಅದನ್ನು ನಂಬಿ ನೀರು ಬಿಡಬೇಡಿ. ಮಧ್ಯಾಹ್ನ ರೊಟ್ಟಿ ಜೊತೆ ಜಜ್ಜಿಕೊಂಡು ತಿನ್ನಲಿಕ್ಕಂತೂ ಬರುತ್ತದೆ.

ಹಂತ 4: ಊರೊಳಗೆ ಒಂದು ದಿನ

ಮೇ ತಿಂಗಳಲ್ಲಿ ಆರಕ್ಕೆ ಮೊದಲೇ ಸೂರ್ಯ ಮೇಲೆ ಬಂದಿರುತ್ತಾನೆ. ಐದೂವರೆಗೆ ಹೊರಡಿ.

ಮೊದಲು ಬಯಲು ಜಾಗ. ಹಫ್ತ್ ಗುಂಬಜ್‌ಗೆ ಹೋಗಿ. ಬಹಮನಿ ಸುಲ್ತಾನರ ಗೋರಿಗಳ ಸಾಲು ಇದು. ಇದರಲ್ಲಿ ದೊಡ್ಡದು 1422ರಲ್ಲಿ ತೀರಿಕೊಂಡ ಫಿರೋಜ್ ಶಾಹನ ಜೋಡಿ ಗುಮ್ಮಟ. ಬೆಳಗಿನ ಎಳೆ ಬಿಸಿಲು ಗಾರೆ ಕೆಲಸದ ಮೇಲೆ ಓರೆಯಾಗಿ ಬಿದ್ದಾಗಲೇ ಅಲ್ಲಿನ ಹೂಬಳ್ಳಿ ಕಣ್ಣಿಗೆ ಕಾಣುವುದು. ಒಂಬತ್ತಾದ ಮೇಲೆ ಎಲ್ಲಾ ಸಪಾಟು.

ಅಲ್ಲಿಂದ ಕೋಟೆ, ಇಲ್ಲಿಯವರ ಬಾಯಲ್ಲಿ ಕಿಲ್ಲಾ. 1347ರಲ್ಲಿ ಹಸನ್ ಬಹಮನ್ ಶಾಹ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಕೋಟೆಯಲ್ಲಿ ಮೊದಲು ಮಾಡಬೇಕಾದದ್ದು ಕಂದಕ, ಬುರುಜು, ದೊಡ್ಡ ತೋಪು (ಫಿರಂಗಿ) ನೋಡುವುದು. ತೋಪು ಕಬ್ಬಿಣದ್ದು, ಹತ್ತು ಗಂಟೆ ಮೇಲೆ ಅದರ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳಲು ಹೋಗಬೇಡಿ.

ಬಿಸಿಲೇರಿದ ಮೇಲೆ ಜಾಮಿ ಮಸೀದಿ ಒಳಗೆ ಹೋಗಿ. ಬೇಕೆಂದೇ ಇದನ್ನು ಕೊನೆಗೆ ಇಟ್ಟುಕೊಳ್ಳಿ. ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಮಧ್ಯೆ ತೆರೆದ ಅಂಗಳ ಇರುತ್ತದೆ. 1367ರ ಈ ಮಸೀದಿಯಲ್ಲಿ ಅದಿಲ್ಲ, ಪೂರ್ತಿ ಸೂರು. ಬದಿಗಳಲ್ಲಿ ಅಗಲವಾದ, ತಗ್ಗಾಗಿ ಬಾಗಿದ ಕಮಾನುಗಳು. ಅವುಗಳಿಂದ ಗಾಳಿ ಬರುತ್ತದೆ, ಬೆಳಕು ಬರುತ್ತದೆ, ಬಿಸಿಲು ಮಾತ್ರ ಹೊಸ್ತಿಲಲ್ಲೇ ನಿಲ್ಲುತ್ತದೆ. ಒಳಗಿನ ದಪ್ಪ ಕಂಬಗಳ ನಡುವೆ ನಿಂತು ನೋಡಿದರೆ ಕಮಾನಿನೊಳಗೆ ಕಮಾನು, ಅದರೊಳಗೆ ಮತ್ತೊಂದು. ಕಂಬಕ್ಕೆ ಅಂಗೈ ಇಟ್ಟರೆ ತಣ್ಣಗಿರುತ್ತದೆ. ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಇದನ್ನು ಕಟ್ಟಿದವನು ಇರಾನಿನ ಕಜ್ವೀನ್ ಊರಿನ ರಫಿ ಎಂದು ಅಲ್ಲಿನ ಶಾಸನ ಹೇಳುತ್ತದೆ. ಬಿಸಿಲೂರಿನಲ್ಲಿ ಸಾವಿರಾರು ಜನ ಒಟ್ಟಿಗೆ ನಿಲ್ಲುವ ಜಾಗ ಹೇಗಿರಬೇಕು ಎಂದು ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ.

ಹನ್ನೊಂದಕ್ಕೆ ವಾಪಸ್. ಆಮೇಲೂ ತಿರುಗುತ್ತೇನೆ ಅಂದರೆ ಆಟೋದವರೇ ಬೈಯುತ್ತಾರೆ: "ಈ ಹೊತ್ತಿನ್ಯಾಗ ಎಲ್ಲಿಗ್ ಹೊಂಟೀರಿ ಸರ, ಸಂಜಿಕ್ ಹೋಗ್ರಿ." ಅವರ ಮಾತು ಕೇಳಿ. ಖಾನಾವಳಿ ಹುಡುಕಿ. ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಬೇಸಿಗೆ ಊಟಕ್ಕೆ ಇದಕ್ಕಿಂತ ಸರಿಯಾದದ್ದು ಇಲ್ಲ. ತಹರಿ, ಮಾಲ್ಪುರಿ ತಿನ್ನಲೇಬೇಕು, ಆದರೆ ರಾತ್ರಿ. ಮಧ್ಯಾಹ್ನ ಎಣ್ಣೆ, ಮಾಂಸ ಹೊಟ್ಟೆ ತುಂಬ ತಿಂದು ಬಿಸಿಲಿಗೆ ಇಳಿದರೆ ತಲೆ ತಿರುಗುವುದು ಖಂಡಿತ. ಉಂಡು ಮಲಗಿ. ಇದು ಸೋಮಾರಿತನ ಅಲ್ಲ, ಈ ಊರಿನ ಪದ್ಧತಿ.

ಐದರ ಮೇಲೆ ಮತ್ತೆ ಹೊರಡಿ. ಬಂದೇನವಾಜ್ ದರ್ಗಾಕ್ಕೆ ತಲೆಗೆ ದಸ್ತಿಯೋ ಸೆರಗೋ ಇರಲಿ. ಬಂದೇನವಾಜ್ ಎಂದೇ ಹೆಸರಾದ ಸೂಫಿ ಸಂತ ಗೇಸುದರಾಜರು ದೆಹಲಿಯಿಂದ ಇಲ್ಲಿಗೆ ಬಂದದ್ದು 1400ರ ಹೊತ್ತಿಗೆ, ತೀರಿಕೊಂಡದ್ದು 1422ರಲ್ಲಿ. ಶರಣಬಸವೇಶ್ವರ ಗುಡಿ, ಪಕ್ಕದ ಅಪ್ಪನ ಕೆರೆ ಸಂಜೆಗೇ ಚೆನ್ನ. ಊರಿನ ಅರ್ಧ ಜನ ಗಾಳಿಗೆ ಅಲ್ಲೇ ಬಂದಿರುತ್ತಾರೆ. ಸೇಡಂ ರಸ್ತೆಯ ಬುದ್ಧ ವಿಹಾರ 2009ರಲ್ಲಿ ಉದ್ಘಾಟನೆಯಾದದ್ದು. ಬಿಳಿ ಅಮೃತಶಿಲೆಯ ಕಟ್ಟಡ, ಹಗಲು ಹೊತ್ತು ಕಣ್ಣು ಕುಕ್ಕುತ್ತದೆ. ಸೂರ್ಯ ಇಳಿಯುವಾಗ ಹೋಗಿ.

ಹಂತ 5: ಊರಾಚೆ, ದಿನಕ್ಕೆ ಒಂದೇ ದಿಕ್ಕು

ಒಂದೇ ದಿನ ಸನ್ನತಿ, ಗಾಣಗಾಪುರ ಎರಡೂ ಮುಗಿಸುತ್ತೇವೆ ಅಂದರೆ ಮುಗಿಯುವುದು ನೀವೇ.

ನನ್ನ ಕೇಳಿದರೆ ಮೊದಲ ಆಯ್ಕೆ ಸನ್ನತಿ. ಚಿತ್ತಾಪುರ ತಾಲ್ಲೂಕು, ಭೀಮಾ ದಂಡೆ, ಕಲಬುರಗಿಯಿಂದ ಸುಮಾರು 60 ಕಿಲೋಮೀಟರ್. ಬೆಳಕು ಹರಿಯುವ ಮೊದಲೇ ಗಾಡಿ ಬಿಡಿ. ಮೊದಲು ಕನಗನಹಳ್ಳಿಯ ಸ್ತೂಪದ ಜಾಗಕ್ಕೆ ಹೋಗಿ, ಅದು ಬಯಲು. ಅಶೋಕನ ಶಿಲ್ಪ, ಅದರ ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದು ಅವನ ಹೆಸರು ಸಿಕ್ಕಿದ್ದು ಇಲ್ಲೇ. ದೇಶದ ಚರಿತ್ರೆಯಲ್ಲಿ ಇಷ್ಟು ದೊಡ್ಡ ವಿಷಯ, ಆದರೆ ಸುತ್ತ ಒಂದು ಟೀ ಅಂಗಡಿಗೂ ಗ್ಯಾರಂಟಿ ಇಲ್ಲ. ನೀರು, ತಿಂಡಿ ಕಟ್ಟಿಕೊಂಡೇ ಹೋಗಿ. ಬಿಸಿಲೇರಿದಾಗ ಸನ್ನತಿಯ ಚಂದ್ರಲಾಂಬಾ ಗುಡಿಗೆ ಬನ್ನಿ. 1986ರಲ್ಲಿ ಅಲ್ಲಿನ ಕಾಳಿ ಗುಡಿಯ ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಇರುವುದು ಗೊತ್ತಾಯಿತು. ಶತಮಾನಗಳ ಕಾಲ ಜನ ಅದರ ಮುಂದೆಯೇ ಕೈ ಮುಗಿದಿದ್ದಾರೆ!

ಗಾಣಗಾಪುರದಲ್ಲಿ ನೆರಳಿನ ನಿಯಮ ಮುರಿಯಬೇಕಾಗುತ್ತದೆ. ಭೀಮಾ-ಅಮರ್ಜಾ ಸಂಗಮದ ಸ್ನಾನ ಬೆಳಿಗ್ಗೆ, ಸರಿ. ಆದರೆ ಇಲ್ಲಿನ ವಿಶೇಷ ಮಧುಕರಿ. ದತ್ತನ ಭಕ್ತರು ಜೋಳಿಗೆ ಹಿಡಿದು ಐದು ಮನೆ ಭಿಕ್ಷೆ ಬೇಡುತ್ತಾರೆ. ಲಕ್ಷಾಧೀಶರೂ ಬೇಡುತ್ತಾರೆ. ಅದು ನಡೆಯುವುದು ಮಧ್ಯಾಹ್ನದ ಹೊತ್ತಿಗೆ. ನೋಡಬೇಕೆಂದರೆ ಒದ್ದೆ ಟವೆಲ್ ಸುತ್ತಿಕೊಂಡು ಓಣಿಯ ನೆರಳು ಬದಿ ಹಿಡಿಯಿರಿ, ಸಂಗಮದಿಂದ ಗುಡಿಗೆ ನಡೆದು ಬರುವ ಬದಲು ಆಟೋ ಹತ್ತಿ. ನದಿಯಲ್ಲಿ ನೀರು ಕಮ್ಮಿ ಕಂಡರೂ ದೂರ ಹೋಗಬೇಡಿ, ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ.

ಮಳಖೇಡ ಸುಮಾರು 40 ಕಿಲೋಮೀಟರ್, ಸೇಡಂ ದಾರಿಯಲ್ಲಿ. ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ ಇದೇ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ, ಜಯತೀರ್ಥರ ಬೃಂದಾವನ. ರಾಷ್ಟ್ರಕೂಟರ ವೈಭವ ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇಷ್ಟೇನಾ ಅನ್ನಿಸಬಹುದು. ಆದರೂ ಕನ್ನಡಿಗರು ಒಮ್ಮೆ ಹೋಗಲೇಬೇಕು. ಬೆಳಿಗ್ಗೆ ಎರಡು ಗಂಟೆ ಸಾಕು.

ಚಿಂಚೋಳಿ ಅರಣ್ಯದ ವಿಷಯದಲ್ಲಿ ಮೊಬೈಲಿನ ಫೋಟೊ ನಂಬಬೇಡಿ. 2011ರಲ್ಲಿ ವನ್ಯಧಾಮ ಎಂದು ಘೋಷಣೆಯಾದ ಈ ಒಣ ಕಾಡು, ಎತ್ತಿಪೋತ ಜಲಪಾತ, ಚಂದ್ರಂಪಳ್ಳಿ ಜಲಾಶಯ ಎಲ್ಲಾ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನೋಡಬೇಕಾದವು. ಮೇನಲ್ಲಿ ಜಲಪಾತ ಬರೀ ಬಂಡೆ. ತರಗೆಲೆ ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತದೆ. ಒಂದು ಬೀಡಿ ತುಂಡು ಸಾಕು ಕಾಡು ಹೊತ್ತಲು. ಬೇಸಿಗೆಯಲ್ಲಿ ಇದನ್ನು ಬಿಟ್ಟುಬಿಡಿ.

ಹಂತ 6: ಬಿಸಿಲು ತೀರಾ ಜಾಸ್ತಿಯಾದರೆ ಬೀದರಿಗೆ ಜಾರಿಕೊಳ್ಳಿ

ಬೀದರ್ ನಮಗಿಂತ ಇನ್ನೂರು ಮೀಟರ್‌ನಷ್ಟು ಎತ್ತರದಲ್ಲಿದೆ. ರಾತ್ರಿ ಹೊತ್ತು ಆ ವ್ಯತ್ಯಾಸ ಮೈಗೆ ತಿಳಿಯುತ್ತದೆ. 2017ರಿಂದ ಕಲಬುರಗಿ-ಬೀದರ್ ರೈಲು ಮಾರ್ಗವೂ ಇದೆ. ರಸ್ತೆಯಲ್ಲಿ ಹೋದರೆ ಕಮಲಾಪುರದಲ್ಲಿ ನಿಲ್ಲಿಸಿ ಅಲ್ಲಿನ ಕೆಂಪು ಬಾಳೆಹಣ್ಣು ಕೇಳಿ. ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ.

ಮುಂಜಾನೆ ಕೋಟೆ, ಜಂಬಿಟ್ಟಿಗೆಯಲ್ಲೇ ಕೊರೆದ ಕಂದಕ, ಸೋಲಾ ಖಂಬ ಮಸೀದಿ. ಆಮೇಲೆ 1472ರ ಮಹಮೂದ್ ಗವಾನ್ ಮದರಸಾ. ನೌಬಾದಿನ ಕರೇಜ್ ಮರೆಯಬೇಡಿ. ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟು, ನೀರನ್ನು ಬಿಸಿಲಿಗೆ ತೋರಿಸದೆ ಹರಿಸುವ ಪರ್ಷಿಯಾದ ವಿದ್ಯೆ ಅದು. ನೀರು ಆವಿಯಾಗಿ ಹೋಗುವುದೂ ಕಮ್ಮಿ, ಪಂಪೂ ಬೇಕಿಲ್ಲ. ಝರಣಿ ನರಸಿಂಹ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡಬೇಕು, ತಂಪೇ ತಂಪು. ಆದರೆ ಒಳಗೆ ಗಾಳಿ ಕಮ್ಮಿ, ಉಬ್ಬಸ ಇರುವವರಿಗೆ ಬೇಡ. ಒಳಗೆ ಬಿಡುತ್ತಿದ್ದಾರಾ ಎಂದು ಊರಲ್ಲೇ ಕೇಳಿಕೊಂಡು ಹೋಗಿ.

ಮಧ್ಯಾಹ್ನಕ್ಕೆ ಬೀದರಿನಲ್ಲಿ ಮಲಗುವುದಕ್ಕಿಂತ ಒಳ್ಳೆಯ ಕೆಲಸವಿದೆ. ಊರ ನಡುವಿನ ಚೌಬಾರಾ ಗೋಪುರದ ಸುತ್ತಲಿನ ಬಿದ್ರಿ ಕೆಲಸಗಾರರ ಅಂಗಡಿಗೆ ಹೋಗಿ ಕೂರಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಇರುವ ಮಿಶ್ರಲೋಹದ ಹೂಜಿಗೆ ಮೈಲುತುತ್ತು ಸವರಿ ಕಪ್ಪು ಮಾಡುತ್ತಾರೆ, ಗೆರೆ ಕಾಣಲಿ ಎಂದು. ಆಮೇಲೆ ಉಳಿಯಿಂದ ಹೂಬಳ್ಳಿ ಕೊರೆದು, ಆ ಸಂದಿಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಲ್ಲಿ ಕುಟ್ಟುತ್ತಾರೆ. ಉಜ್ಜಿದಾಗ ಎಲ್ಲಾ ಒಂದೇ ಬಣ್ಣ, ಬೆಳ್ಳಿ ಎಲ್ಲಿದೆ ಎಂದೇ ತಿಳಿಯದು. ಕೊನೆಗೆ ಸ್ವಲ್ಪ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ಲೇಪ ಉಜ್ಜುತ್ತಾರೆ. ಲೋಹ ಕಾಡಿಗೆಯ ಹಾಗೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಏನೂ ಕೊಳ್ಳದೆ ಎದ್ದು ಬರುವುದು ಕಷ್ಟ.

ಸಂಜೆ ಬೀದರ್ ಪಕ್ಕದ ಅಷ್ಟೂರಿನ ಬಹಮನಿ ಗೋರಿಗಳು. ಅಹಮದ್ ಶಾಹ ವಲಿಯ ಗುಮ್ಮಟದ ಒಳಗಿನ ಬಣ್ಣದ ಚಿತ್ತಾರ ನೋಡಲು ಟಾರ್ಚ್ ಇರಲಿ.

ಯಾದಗಿರಿ ಕಡೆ ಹೋಗುವವರಿಗೆ ಎರಡೇ ಮಾತು. ಬೆಟ್ಟದ ಕೋಟೆಯನ್ನು ಸೂರ್ಯ ಹುಟ್ಟುವ ಹೊತ್ತಿಗೆ ಹತ್ತಿ ಎಂಟರೊಳಗೆ ಇಳಿಯಿರಿ, ಬಂಡೆ ಕಾದ ಮೇಲೆ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಶಹಾಪುರದ ಮಲಗಿದ ಬುದ್ಧನಂಥ ಬೆಟ್ಟಸಾಲನ್ನು ರಸ್ತೆಯಿಂದಲೇ ನೋಡಬಹುದು. ಕೃಷ್ಣಾ ನದಿಯಲ್ಲಿ ಮೊಸಳೆಗಳಿವೆ, ಸ್ಥಳೀಯರು ಇಳಿಯದ ಕಡೆ ಇಳಿಯಬೇಡಿ.

ಹಂತ 7: ಝಳ ಬಡಿದರೆ

ತಲೆನೋವು, ವಾಕರಿಕೆ, ಕಾಲು ಸೆಳೆತ, ಉಚ್ಚೆ ಕಡು ಹಳದಿ ಆದರೆ ಅದು ಮೊದಲ ಎಚ್ಚರಿಕೆ. ನೆರಳಿಗೆ ಬಂದು ಓಆರ್‌ಎಸ್ ಕುಡಿದು, ಆ ದಿನದ ತಿರುಗಾಟ ಅಲ್ಲಿಗೇ ನಿಲ್ಲಿಸಿ. ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಜೀವಕ್ಕೆ ಅಪಾಯ. 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಸುಮ್ಮನೆ ಕಾಯಬೇಡಿ. ಬಟ್ಟೆ ಸಡಿಲಿಸಿ, ಮೈ ತುಂಬ ನೀರು ಸುರಿದು ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು "ಐದೇ ನಿಮಿಷ" ಅಂತ ಬಿಟ್ಟು ಹೋಗಲೇಬೇಡಿ.

ಹಂತ 8: ಸಂಜೆ ಮೋಡ ಕಟ್ಟಿದರೆ

ಹೊಸಬರಿಗೆ ಗೊತ್ತಿಲ್ಲದ್ದು ಇದು. ಏಪ್ರಿಲ್-ಮೇನಲ್ಲಿ ಮೂರು ಗಂಟೆವರೆಗೆ ಸುಡುವ ಬಿಸಿಲಿದ್ದು, ನಾಲ್ಕಕ್ಕೆ ಕರಿಮೋಡ, ದೂಳುಗಾಳಿ, ಗುಡುಗು ಬರುವುದುಂಟು. ತಂಪಾಯಿತು ಎಂದು ಜನ ಬಯಲಿಗೆ, ಕೋಟೆ ಬುರುಜಿಗೆ ಓಡುತ್ತಾರೆ. ಸಿಡಿಲಿಗೆ ಕುರಿಗಾಹಿಗಳು, ಹೊಲದಲ್ಲಿ ಇರುವವರು ಸಾಯುವುದು ಈ ದಿನಗಳಲ್ಲೇ. ಅಷ್ಟೂರಿನಲ್ಲಿ ಹುಮಾಯೂನ್ ಶಾಹನ ಗುಮ್ಮಟ ಅರ್ಧ ಸೀಳಿ ನಿಂತಿದೆ. ಅದು ಸಿಡಿಲು ಬಡಿದೇ ಒಡೆದದ್ದು ಎನ್ನುತ್ತಾರೆ. ಗುಡುಗು ಕೇಳಿದ ಕೂಡಲೇ ಒಂಟಿ ಮರ, ಬಯಲು, ನದಿ ದಂಡೆ ಬಿಟ್ಟು ಕಾರಿನೊಳಗೋ ಪಕ್ಕಾ ಕಟ್ಟಡದೊಳಗೋ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಮಳೆ ನಿಂತ ಮೇಲೆ ಎರೆ ಮಣ್ಣಿನ ಕಚ್ಚಾ ರಸ್ತೆಗೆ ಗಾಡಿ ಇಳಿಸಬೇಡಿ. ಚಕ್ರಕ್ಕೆ ಮಣ್ಣು ಮೆತ್ತಿ ಅಲ್ಲೇ ಹೂತರೆ, ಹತ್ತಿರದ ಊರಿನಿಂದ ಟ್ರ್ಯಾಕ್ಟರ್ ಬಂದು ಎಳೆಯುವವರೆಗೆ ಕಾಯಬೇಕಾಗುತ್ತದೆ.